ಹಗ್ಗದ ದಾರಿಯ ತಪಾಸಣೆ

ಹೊಳೆಗೆ ಸೇತುವೆ ಇದೆ. ಹನ್ನೊಂದು ವರ್ಷದಿಂದ ಇದೆ. ಅದರ ಉದ್ದ, ಅಗಲ, ಬಣ್ಣ ಎಲ್ಲವೂ ಇಲಾಖೆಯ ಕಡತದಲ್ಲಿ ದಾಖಲಾಗಿವೆ. ಹೊಳೆಯ ಮೇಲೆ ಮಾತ್ರ ಇನ್ನೂ ಬಂದಿಲ್ಲ.

ಆಸ್ಪತ್ರೆ ಆಚೆ ದಡದಲ್ಲಿದೆ. ರಸ್ತೆಯಲ್ಲಿ ಹೋದರೆ ಅರ್ಧ ದಿನದ ಸುತ್ತು. ಈಚೆ ದಡದ ದರ್ಜಿಯ ದೊಡ್ಡ ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು. ಚಿಕ್ಕವಳಿಗೆ ಹದಿನೇಳು ವರ್ಷ. ಅಪ್ಪನ ಹೊಲಿಗೆ ಯಂತ್ರವನ್ನು ಎಂಟು ಸಲ ಬಿಚ್ಚಿ ಏಳು ಸಲ ಸರಿಯಾಗಿ ಜೋಡಿಸಿದ್ದೇ ಅವಳ ವಿದ್ಯಾಭ್ಯಾಸ. ಅಕ್ಕನಿಗಾಗಿ ಅವಳು ಗುಜರಿಯಿಂದ ಉಕ್ಕಿನ ಹಗ್ಗ, ರಾಟೆ, ಸೈಕಲ್ ಪೆಡಲು ತಂದು ಹೊಳೆಗೆ ಅಡ್ಡಲಾಗಿ ಒಂದು ಪೆಟ್ಟಿಗೆ ತೂಗುಹಾಕಿದಳು. ದಡದಲ್ಲಿ ಕೂತು ಮುಂದಕ್ಕೆ ತುಳಿದರೆ ಪೆಟ್ಟಿಗೆ ಹೋಗುತ್ತದೆ, ಹಿಂದಕ್ಕೆ ತುಳಿದರೆ ಬರುತ್ತದೆ. ಮೊದಲು ಒಂದು ಮೂಟೆ ಕಲ್ಲು ದಾಟಿತು. ಆಮೇಲೆ ಕಲ್ಲಿಗಿಂತ ಭಾರವಿದ್ದ ಭಾವ, ಅಂದರೆ ಅಕ್ಕನ ಗಂಡ.

ನಾಲ್ಕನೇ ದಿನ ಆಚೆ ದಡದ ಕಚೇರಿಯಿಂದ ಎಂಜಿನಿಯರರು ನೋಟಿಸು ಹಿಡಿದು ಬಂದರು. ಪೆಟ್ಟಿಗೆಯಲ್ಲೇ ಬಂದರು.

"ಸೇತುವೆ ಇರೋ ಕಡೆ ಇನ್ನೊಂದು ದಾರಿ ಕಟ್ಟೋ ಹಾಗಿಲ್ಲಮ್ಮ. ಇದನ್ನ ಯಾರೂ ಬಳಸಬಾರದು."

"ಸೇತುವೆ ಎಲ್ಲಿದೆ ಸಾರ್?"

"ಕಚೇರೀಲಿ."

"ಅಕ್ಕನಿಗೆ ನೋವು ಬಂದ್ರೆ?"

"ಅರ್ಜಿ ಕೊಡ್ಲಿ. ಮೂವತ್ತು ದಿನದಲ್ಲಿ ಉತ್ತರ ಬರುತ್ತೆ."

"ಅಷ್ಟು ದಿನ ಅವಳು ತಡ್ಕೊಳ್ಳಲ್ಲ ಸ್ವಾಮಿ" ಎಂದ ದರ್ಜಿ. "ಅವಳಮ್ಮನೂ ಯಾವತ್ತೂ ತಡ್ಕೊಂಡೋಳಲ್ಲ."

ಎಂಜಿನಿಯರರು ಪೆಟ್ಟಿಗೆಗೆ ನೋಟಿಸು ಅಂಟಿಸಿ, ಒಳಗೆ ಹತ್ತಿ ಕೂತರು.

"ತುಳಿಯಮ್ಮ."

"ಯಾರೂ ಬಳಸಬಾರದು ಅಂತ ನೀವೇ ಅಂಟಿಸಿದ್ರಲ್ಲ ಸಾರ್."

ಅವರು ನೋಟಿಸನ್ನು ಮತ್ತೊಮ್ಮೆ ಓದಿದರು. ತಪ್ಪೇನೂ ಇರಲಿಲ್ಲ. ಹೊಳೆಯ ಕಡೆ ನೋಡಿದರು. ಪೆನ್ನು ತೆಗೆದು ಕೆಳಗೆ ಸೇರಿಸಿದರು: 'ಬಳಕೆ ನಿಂತಿದೆಯೇ ಎಂಬ ತಪಾಸಣೆಗೆ ಸಂಬಂಧಿಸಿದವರನ್ನು ಹೊರತುಪಡಿಸಿ. ಸದರಿ ತಪಾಸಣೆಯನ್ನು ಪ್ರತಿದಿನ ಸ್ಥಳೀಯ ಸಾಕ್ಷಿಗಳ ಸಮಕ್ಷಮ ನಡೆಸತಕ್ಕದ್ದು.'

"ತಪಾಸಣೆ ಯಾರು ಮಾಡೋದು ಸಾರ್?"

"ನಮ್ಮಲ್ಲಿ ಜನ ಇಲ್ಲ. ನೀನೇ ಮಾಡು. ಈಗ ತುಳಿ."

ಅಂದಿನಿಂದ ಬಳಕೆ ಸಂಪೂರ್ಣ ನಿಂತಿದೆ. ಶಾಲೆಯ ಮಕ್ಕಳು ಬೆಳಿಗ್ಗೆ ಸಾಕ್ಷಿಗಳಾಗಿ ಹೋಗುತ್ತಾರೆ, ಸಂಜೆ ಸಾಕ್ಷಿಗಳಾಗಿ ಬರುತ್ತಾರೆ. ಹಾಲಿನವನು ಕ್ಯಾನು ಸಮೇತ ಸಾಕ್ಷಿ.

ಒಂಬತ್ತನೇ ದಿನ ಅಕ್ಕನಿಗೆ ನೋವು ಬಂತು. ಭಾವ ಅವಳನ್ನು ಪೆಟ್ಟಿಗೆಯಲ್ಲಿ ಕೂರಿಸಿ ಪಕ್ಕದಲ್ಲೇ ನಿಂತ.

"ನಾನೇನು ಮಾಡ್ಲಿ?"

"ಬಾಯಿ ಮುಚ್ಕೊಂಡು ಸಾಕ್ಷಿಯಾಗಿ ಕೂತ್ಕೋ ಭಾವ" ಎಂದು ನಾದಿನಿ ಬಿರುಸಾಗಿ ತುಳಿದಳು. ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕಾಲು ಗಂಟೆಗೆ ಹೆರಿಗೆಯಾಯಿತು.

ಆ ವಾರದ ತಪಾಸಣೆಯ ವರದಿ ಕಂಡು ಎಂಜಿನಿಯರರು ಹುಬ್ಬು ಗಂಟಿಕ್ಕಿದರು.

"ಹೋಗುವಾಗ ಸಾಕ್ಷಿಗಳು ಇಬ್ಬರು. ಬರುವಾಗ ಮೂವರು. ಮೂರನೆಯವರ ಸಹಿ ಎಲ್ಲಿ?"

"ಬರೆಯಕ್ಕೆ ಬರಲ್ಲ ಸಾರ್."

"ಮೊದಲೇ ಹೇಳಬಾರದಾ? ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ."

ಒತ್ತಿಸಿಕೊಂಡು ಬಂದಳು. ಗುರುತು ತೀರಾ ಸಣ್ಣದಿತ್ತು, ಆದರೆ ಸ್ಪಷ್ಟವಾಗಿತ್ತು. ಕಡತ ಮುಂದಕ್ಕೆ ಹೋಯಿತು.