ನಮ್ಮನೆ ಬಚ್ಚಲಿಗೆ ಕಪ್ಪು ಕಪಾಟು ಬಂದದ್ದು

ಬೇರೆಯವರು ಕಪಾಟು ತರುತ್ತಾರೆ, ಗೋಡೆಗೆ ಹೊಡೆಸುತ್ತಾರೆ, ಮರೆತುಬಿಡುತ್ತಾರೆ. ನಮ್ಮನೆಗೆ ಒಂದು ಟವೆಲ್ ಸ್ಟ್ಯಾಂಡ್ ತಂದರೂ ನಾಲ್ಕು ಜನ ನಗುವಂಥದ್ದೇನಾದರೂ ಆಗಲೇಬೇಕು. ಅಂಥದ್ದರಲ್ಲಿ ಹೊಸ ಮನೆಯ ಬಚ್ಚಲಿಗೆ ಪೂರಾ ಕಪ್ಪು ಫರ್ನಿಚರ್ರೇ ಬೇಕು ಅಂತ ನಾನು ಹಟ ಹಿಡಿದರೆ ಕೇಳಬೇಕೇ!

೧. ಇಪ್ಪತ್ತು ನಿಮಿಷ

ಈ ಹುಚ್ಚು ಹತ್ತಿದ್ದು ಸಿಡ್ನಿಯಲ್ಲಿ. ಆಗ ನಾವು ಮೆಲ್ಬರ್ನಿನ ಟ್ರುಗನಿನಾದಲ್ಲಿ ಬಾಡಿಗೆಗಿದ್ದೆವು. ರಜೆ ಸಿಕ್ಕಿತು ಅಂತ ಕ್ವೇಕರ್ಸ್ ಹಿಲ್‌ನ ನನ್ನ ಗೆಳತಿಯ ಮನೆಗೆ ಹೋಗಿದ್ದೆವು. ಊಟ ಮುಗಿಸಿ ಕೈ ತೊಳೆಯಲು ಅವಳ ಬಾತ್‌ರೂಮಿಗೆ ಹೋದೆ ನೋಡಿ, ಅಬ್ಬಬ್ಬಾ! ಬೇಸಿನ್ನಿನ ಕೆಳಗೆ, ನೆಲ ಮುಟ್ಟದ ಹಾಗೆ ಗೋಡೆಗೆ ಕೂರಿಸಿದ ಕಪ್ಪು ಕಪಾಟು. ಇಲ್ಲಿಯವರು ಅದಕ್ಕೆ ವ್ಯಾನಿಟಿ ಅನ್ನುತ್ತಾರೆ. ಪಕ್ಕದಲ್ಲಿ ಆಳೆತ್ತರದ ಕಪ್ಪು ಬೀರು. ಕಪ್ಪು ಶೆಲ್ಫು, ಕಪ್ಪು ನಲ್ಲಿ, ಕನ್ನಡಿಗೂ ಕಪ್ಪು ಚೌಕಟ್ಟು. ಡ್ರಾಯರನ್ನು ಒಂಚೂರು ತಳ್ಳಿದರೆ ಸಾಕು, ಸದ್ದಿಲ್ಲದೆ ತಾನೇ ಮುಚ್ಚಿಕೊಳ್ಳುತ್ತದೆ!

ನಾನು ಚಿಲಕ ಹಾಕಿಕೊಂಡೆ. ಒಂದೊಂದೇ ಡ್ರಾಯರ್ ತೆಗೆದೆ, ಮುಚ್ಚಿದೆ, ಫೋಟೋ ಹೊಡೆದೆ. ಟೇಪ್ ಇರಲಿಲ್ಲ, ಗೇಣು ಹಾಕಿ ಅಳೆದೆ. ಇಪ್ಪತ್ತು ನಿಮಿಷ ಕಳೆದು ಬಾಗಿಲು ತೆಗೆದರೆ ಗೆಳತಿ ಎದುರಿಗೇ ನಿಂತಿದ್ದಾಳೆ, ಕೈಯಲ್ಲಿ ಮೆಂತ್ಯದ ಪುಡಿ ಹಾಕಿದ ಮಜ್ಜಿಗೆ. ಅವಳ ಹಿಂದೆ ನನ್ನ ಗಂಡ, ಕಾರಿನ ಕೀ ಹಿಡಿದುಕೊಂಡು. "ಡಾಕ್ಟರ್ ಕಡೆ ಹೋಗೂಣೇನು?" ಅಂದರು.

ಸುಮ್ಮನೆ ಮಜ್ಜಿಗೆ ಕುಡಿದೆ. ಕಂಡವರ ಡ್ರಾಯರ್ ತೆಗೆದು ನೋಡಿದೆ ಅನ್ನುವುದಕ್ಕಿಂತ ಹೊಟ್ಟೆ ಕೆಟ್ಟಿದೆ ಅನ್ನುವುದೇ ಮರ್ಯಾದೆ.

೨. ಕರಿಮಣಿಯ ವಾದ

ವಿಂಡಮ್ ವೇಲ್‌ನಲ್ಲಿ ನಮ್ಮ ಮನೆ ಏಳುತ್ತಿತ್ತು. ಬಣ್ಣ, ಟೈಲ್ಸು, ಕಪಾಟು ಎಲ್ಲ ಆರಿಸಿ ಬಿಲ್ಡರಿಗೆ ಸಹಿ ಹಾಕಿಕೊಡುವ ದಿನ ಹತ್ತಿರ ಬಂತು. ನನ್ನ ಗಂಡ ಧಾರವಾಡದವರು. ಅವ್ವನನ್ನು ಕೇಳದೆ ಅಂಗಿಯ ಗುಂಡಿ ಕೂಡ ಬದಲಿಸುವವರಲ್ಲ. ಸರಿ, ವಿಡಿಯೋ ಕಾಲ್ ಮಾಡಿದೆವು.

"ಹೊಸಾ ಮನಿಗೆ ಕರೀ ಬಣ್ಣಾನ? ಬ್ಯಾಡವಾ!" ಅಂದರು ಅತ್ತೆ.

ನಾನು ಮೈಸೂರಿನವಳಾದರೂ ವಾದಕ್ಕೆ ಬಿದ್ದರೆ ಬಿಡುವವಳಲ್ಲ. "ಅತ್ತೆ, ಕರಿಮಣಿ ಕಪ್ಪಲ್ವಾ? ಅದು ಶುಭ ತಾನೇ?"

"ಕರಿಮಣಿ ಕೊಳ್ಳಾಗ ಹಾಕ್ಕೋತೀವಿ. ಬಚ್ಚಲದಾಗ ಇಡೂದಿಲ್ಲ."

ನನ್ನ ಸಪ್ಪೆ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. "ಆತು, ಮಾಡಸ್ಕೋ. ನಾ ಬಂದು ನೋಡ್ತೀನಿ. ನನ್ನ ಮನಸಿಗೆ ಬರಲಿಲ್ಲಂದ್ರ ತಗಸಿ ಬಿಳೇದು ಹಾಕಸಬೇಕು. ಒಪ್ಪಿಗಿ ಐತಿ?"

"ಒಪ್ಪಿಗೆ!" ಅಂತ ಸೋಫಾ ಮೇಲಿಂದ ಹಾರಿದೆ. ಹಾರಿ ಕೆಳಗೆ ಬಿದ್ದ ಮೇಲೆ ಒಪ್ಪಿಕೊಂಡದ್ದು ಏನನ್ನು ಅಂತ ಹೊಳೆಯಿತು. ಗಂಡ ಕೇಳಿದರು, "ಇಲ್ಲೀತನಕ ನಮ್ಮವ್ವನ ಮನಸಿಗೆ ಬಂದಿದ್ದು ಒಂದರ ಹೇಳು ನೋಡೂಣು."

ಬಹಳ ಯೋಚಿಸಿ, "ನೀವು" ಅಂದೆ.

"ನಾನೂ ಅಷ್ಟಕ್ಕಷ್ಟ" ಅಂದರು.

೩. ಬಕೆಟ್ಟಿನ ಅಳತೆ

ಆರಿಸುವ ದಿನ ನಾನು ಅಲಾರಂ ಹೊಡೆಯುವ ಮೊದಲೇ ಎದ್ದು, ಮದುವೆಗೆ ಹೊರಟವಳ ಹಾಗೆ ತಯಾರಾದೆ. ಗಂಡ ಡಿಕ್ಕಿಯಲ್ಲಿ ಏನೋ ಇಟ್ಟರು. ನಾನು ಗಮನಿಸಲಿಲ್ಲ, ನನ್ನ ತಲೆ ತುಂಬ ಕಪ್ಪೇ ಕಪ್ಪು.

ಶೋರೂಮಿನಲ್ಲಿ ಒಬ್ಬ ಆಸ್ಟ್ರೇಲಿಯನ್ ಹೆಂಗಸು ಒಂದೊಂದಾಗಿ ತೋರಿಸುತ್ತಿದ್ದಳು. ಇದು ಹೊಳೆಯುವ ಕಪ್ಪು, ಇದು ಹೊಳೆಯದ ಕಪ್ಪು, ಇದರಲ್ಲಿ ಮರದ ಗೆರೆ ಕಾಣುತ್ತದೆ. ನನಗಂತೂ ಮೂರನ್ನೂ ತಬ್ಬಿಕೊಳ್ಳುವ ಹಾಗಾಗಿತ್ತು! ಅಷ್ಟರಲ್ಲಿ ಗಂಡ ಕಾರಿನಿಂದ ವಾಪಸ್ ಬಂದರು. ಒಂದು ಕೈಯಲ್ಲಿ ನಮ್ಮ ಮನೆಯ ನೀಲಿ ಬಕೆಟ್ಟು, ಇನ್ನೊಂದರಲ್ಲಿ ಚೊಂಬು.

"ಇದೇನ್ರೀ?"

"ನಮ್ಮವ್ವ ಶವರ್ ಕೆಳಗ ನಿಲ್ಲಂಗಿಲ್ಲ. ಬಕೆಟ್ ಹಿಡೀಲಾರದ ಕಪಾಟು ತಗೊಂಡು ಏನ್ ಮಾಡೂದು?" ಅಂದವರೇ ಮಂಡಿಯೂರಿ ಕೂತು, ಶೋರೂಮಿನ ಪ್ರತಿ ಕಪಾಟಿನೊಳಗೂ ಬಕೆಟ್ ತೂರಿಸಿ ನೋಡತೊಡಗಿದರು. ನಾಲ್ಕನೆಯದರಲ್ಲಿ ಅದು ಸರಿಯಾಗಿ ಕೂತಿತು. ಅದೇ ನಾನು ಮೆಚ್ಚಿದ ಹೊಳೆಯದ ಕಪ್ಪು! ಖುಷಿಗೆ ಇಬ್ಬರೂ ಚಪ್ಪಾಳೆ ತಟ್ಟಿದೆವು.

ಆ ಹೆಂಗಸು ಗಾಬರಿಯಿಂದ ಒಮ್ಮೆ ಬಕೆಟ್ ನೋಡಿದಳು, ಸೂರೆಲ್ಲಾದರೂ ಸೋರುತ್ತಿದೆಯೇ ಅಂತ ಒಮ್ಮೆ ಮೇಲೆ ನೋಡಿದಳು, ಒಳಗೆ ಓಡಿದಳು. ಎರಡು ನಿಮಿಷದಲ್ಲಿ ನಮ್ಮ ಸುತ್ತ ಮೂರು ಹಳದಿ ಬೋರ್ಡು ಬಂದು ಕೂತವು: "ಎಚ್ಚರಿಕೆ, ನೆಲ ಒದ್ದೆ."

೪. ಒತ್ತಿದರೆ ತೆರೆಯುತ್ತದೆ

ನಮ್ಮ ಕಪಾಟುಗಳಿಗೆ ಹಿಡಿಕೆ ಇಲ್ಲ. ಒತ್ತಿದರೆ ಟಕ್ ಅಂತ ತೆರೆದುಕೊಳ್ಳುತ್ತವೆ. ಹೊಸ ಮನೆಗೆ ಬಂದ ಮೊದಲ ಬೆಳಿಗ್ಗೆ ಗಂಡ ಸ್ನಾನ ಮುಗಿಸಿ ಒಳಗಿಂದಲೇ ಕೂಗಿದರು, "ಟವೆಲ್ ಎಲ್ಲೈತಿ?"

"ಕಪ್ಪು ಬೀರುವಿನಲ್ಲಿ. ಒತ್ತಿ!"

ಐದು ನಿಮಿಷ ಕಳೆಯಿತು, ಹತ್ತಾಯಿತು. ಕೊನೆಗೆ ನೆಲಕ್ಕೆ ಹಾಸುವ ಮ್ಯಾಟನ್ನೇ ಸೊಂಟಕ್ಕೆ ಸುತ್ತಿಕೊಂಡು ನಡುಗುತ್ತಾ ಹೊರಗೆ ಬಂದರು. "ಮೂಲಿಯಿಂದ ಮೂಲೀತನ ಒತ್ತೀನಿ. ಒಂದೂ ತಗೀವಲ್ದು! ನಾಳೇನ ಬಿಲ್ಡರ್‌ಗೆ ಫೋನ್ ಮಾಡ್ತೀನಿ."

ಒಳಗೆ ಹೋಗಿ ನೋಡಿದೆ. ಒದ್ದೆ ಬೆರಳಿನ ಗುರುತು ಸಾಲಾಗಿ ಮೂಡಿತ್ತು. ಪುಣ್ಯಾತ್ಮ ಬೀರು ಬಿಟ್ಟು ಪಕ್ಕದ ಗೋಡೆಯ ಕಪ್ಪು ಟೈಲ್ಸನ್ನು ಒಂದೂ ಬಿಡದೆ ಒತ್ತಿದ್ದರು.

೫. ಅತ್ತೆಯ ತೀರ್ಪು

ಹೇಳಿದ ಹಾಗೆ ಮನೆ ನೋಡಲು ಅತ್ತೆ ಬಂದಿಳಿದರು. ಮಾವನವರಿಗೆ ವಿಮಾನ ಆಗಿಬರುವುದಿಲ್ಲ, ಧಾರವಾಡದಲ್ಲೇ ಉಳಿದರು. ಅತ್ತೆ ಚಪ್ಪಲಿ ಬಿಟ್ಟವರೇ ನೇರ ಬಚ್ಚಲಿಗೆ ನಡೆದರು. ನಾನೂ ಹಿಂದೆಯೇ ಹೋದೆ. ಡ್ರಾಯರ್ ಒತ್ತಿದರು, ಬೀರು ಒತ್ತಿದರು, ಮೇಲೆ ಕೈಯಾಡಿಸಿ ಬೆರಳು ನೋಡಿಕೊಂಡರು. "ಹೂಂ" ಅಂದರು, ಅಷ್ಟೇ! ಬಿಳೀ ಕಪಾಟು ಆಗಲೇ ಕಣ್ಣ ಮುಂದೆ ಬಂದು ನಿಂತಿತು. ನನಗೆ ಅಳುವೇ ಬಂತು.

ಮರುದಿನ ಬೆಳಿಗ್ಗೆ ಕಪಾಟಿನ ತುಂಬ ಬಿಳೀ ಚುಕ್ಕೆ. ಅತ್ತೆ ಸ್ನಾನವಾದ ಮೇಲೆ ಅಲ್ಲೇ ನಿಂತು ವಿಭೂತಿ ಹಚ್ಚಿಕೊಳ್ಳುತ್ತಾರೆ. "ನಂದ ಈಬತ್ತಿ ಬಿದ್ದೈತಿ" ಅಂತ ತಾವೇ ಒರೆಸಿದರು. "ಕರೇದು ಎಲ್ಲಾ ತೋರಸ್ತೈತಿ ನೋಡು" ಅಂತ ಒಂದು ಮಾತೂ ಸೇರಿಸಿದರು. ಮುಗೀತು ನನ್ನ ಕಥೆ ಅಂದುಕೊಂಡೆ.

ಮೂರನೆಯ ದಿನ ಬಚ್ಚಲಿನಿಂದ ಕೂಗು ಕೇಳಿಸಿತು. "ಏನವಾ, ಇಲ್ಲಿ ಬಾ! ನಂದಿನ್ನೂ ಜಳಕಾನ ಆಗಿಲ್ಲ. ಈಬತ್ತಿ ಎಲ್ಲಿಂದ ಬಂತು?"

ಓಡಿದೆ. ಮತ್ತೆ ಬಿಳೀ ಚುಕ್ಕೆ! ವ್ಯಾನಿಟಿ ಮೇಲೆ, ಡ್ರಾಯರ್ ಮೇಲೆ, ಆಳೆತ್ತರದ ಬೀರುವಿನ ತುದಿಯವರೆಗೂ. ಅತ್ತೆ ಒಂದು ಚುಕ್ಕೆಯನ್ನು ಬೆರಳಿಗೆ ತಗೊಂಡು ಮೂಸಿದರು. ಕಣ್ಣು ಕಿರಿದು ಮಾಡಿದರು.

"ಪುದೀನಾ."

ಆಮೇಲೆ ಮಗನನ್ನು ಕೂಗಿ ಕರೆದರು. ನನ್ನ ಗಂಡನಿಗೆ ಬ್ರಷ್ ಬಾಯಲ್ಲಿಟ್ಟುಕೊಂಡೇ ಆಫೀಸಿನವರ ಜೊತೆ ಫೋನಿನಲ್ಲಿ ಜಗಳವಾಡುವ ಅಭ್ಯಾಸ. ಪೇಸ್ಟು ಸೂರಿನವರೆಗೂ ಹಾರುತ್ತದೆ.

"ಲೇ, ಸಣ್ಣಾಂವ ಇದ್ದಾಗಿಂದ ನೀ ಹಿಂಗ ಉಗುಳ್ತಿಯೇನು?"

"ಅವ್ವಾ, ಅದು..."

"ನಮ್ಮನಿ ಬಿಳೀ ಬಚ್ಚಲದಾಗ ಎಲ್ಲಿ ಕಾಣಬೇಕು! ತೊಳಿಯೂ ಮುಂದ ಗ್ವಾಡಿ ಯಾಕ ಇಷ್ಟ ಒರಟ ಹತ್ತತೈತಿ ಅಂತಿದ್ದೆ, ಎಲ್ಲಾ ನಿನ್ನ ಪೇಸ್ಟ! ಹಿಡಿ ಅರಬಿ, ಒರಸು!"

ಗಂಡ ಒರೆಸಿದರು. ಅತ್ತೆ ನನ್ನ ಕಡೆ ತಿರುಗಿ, "ಈ ಕಪಾಟು ಇಲ್ಲೇ ಇರಲಿ. ಭಾಳ ಶ್ಯಾಣೇ ಕಪಾಟು" ಅಂದರು. ನನ್ನ ಖುಷಿ ಏನು ಹೇಳಲಿ! ಅತ್ತೆಯನ್ನು ಬಚ್ಚಲಲ್ಲೇ ತಬ್ಬಿಕೊಂಡೆ.

ಅಷ್ಟಕ್ಕೆ ಬಿಡಲಿಲ್ಲ ಅವರು. ತಕ್ಷಣ ಧಾರವಾಡಕ್ಕೆ ಫೋನ್ ಹಚ್ಚಿಸಿ ಸ್ಪೀಕರ್ ಹಾಕಿಸಿದರು. "ಕೇಳ್ರಿಲ್ಲೆ, ನಮ್ಮ ಬಚ್ಚಲಕ್ಕೂ ಹಿಂಥಾದ ಕರೀ ಕಪಾಟು ಮಾಡಸೂದು."

"ಯಾಕ? ಈಗಿರೂದು ಚಲೋನ ಐತೆಲ್ಲ" ಅಂದರು ಮಾವ.

"ಕರೇದರಾಗ ಯಾರ್ ಪೇಸ್ಟ್ ಉಗುಳ್ಯಾರ ಅನ್ನೂದು ಖರೇ ಖರೇ ಕಾಣತೈತ್ರಿ."

ಮಾವನವರ ದನಿ ಸಣ್ಣಗಾಯಿತು.

"ಕಪಾಟು ಬ್ಯಾಡ. ನಾಳಿಂದ ನಾ ಹಿತ್ತಲದಾಗ ಹಲ್ಲು ತಿಕ್ಕೋತೀನಿ ಬಿಡು."