ನಮ್ಮ ಮನೆಯಲ್ಲೇ ಸಿಗದ ನಮ್ಮ ಮನೆ

ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತನಾದ ನನ್ನಂಥವನಿಗೆ ಇಂಟರ್‌ನೆಟ್ ಒಂದು ಲೆಕ್ಕವೇ ಅಲ್ಲ. ಅದರಲ್ಲೂ ತಂತಿ, ಇದರಲ್ಲೂ ತಂತಿ. ಅದನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಇದನ್ನು ಮುಟ್ಟಿದರೆ ಹೊಡೆಯುವುದಿಲ್ಲ. ಅಷ್ಟೇ ವ್ಯತ್ಯಾಸ. ಹಾಗೆಂದು ನಾನು ನಂಬಿದ್ದೆ. ಇಷ್ಟೆಲ್ಲ ಆದ ಮೇಲೂ ನಂಬಿದ್ದೇನೆ. ಯಾರು ಏನಾದರೂ ಹೇಳಿಕೊಳ್ಳಲಿ!

ಹಾರಂಗಿ ಹಿನ್ನೀರಿನ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ನಡೆಸುವವಳು ನನ್ನ ಹೆಂಡತಿ ಜಯಂತಿ. ಮಡಿಕೇರಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಕೆಲಸದಲ್ಲಿರುವ ಅವಳ ಅಕ್ಕನ ಮಗಳು ಸ್ಫೂರ್ತಿ ನಮಗೂ ಒಂದು ಮಾಡಿಕೊಟ್ಟಿದ್ದಾಳೆ. ಕೋಣೆ ಬೇಕಾದವರು ಅದರಲ್ಲೇ ಬುಕ್ ಮಾಡುತ್ತಾರೆ. ಒಂದು ಶುಕ್ರವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಅದನ್ನು ತೆರೆದೆ. ಹೆಂಡತಿಯ ಫೋಟೊ ಇತ್ತು. ಅಡುಗೆಮನೆಯ ಫೋಟೊ ಇತ್ತು. ನಮ್ಮ ನಾಯಿ ಟೈಗರ್ ಕುಳಿತಿದ್ದ ಫೋಟೊ ಒಂದು, ಮಲಗಿದ್ದ ಫೋಟೊ ಒಂದು, ಕೆಳಗೆ 'ನಮ್ಮ ಮನೆಯ ಮುದ್ದಿನ ಸದಸ್ಯ' ಎಂಬ ಬಿರುದು ಬೇರೆ. ನಾನು ಎಲ್ಲೂ ಇರಲಿಲ್ಲ. ಹಿನ್ನೆಲೆಯಲ್ಲಾದರೂ ಇದ್ದೇನೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕಿದೆ. ಒಂದು ಫೋಟೊದ ಅಂಚಿನಲ್ಲಿ ನನ್ನ ಮೊಣಕೈ ಇತ್ತು!

ಹೆಂಡತಿಯನ್ನು ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಮನೆಯ ವೆಬ್‌ಸೈಟಿಗೆ ನನ್ನ ಫೋಟೊ ಹಾಕಲು ಯಾರ ಅಪ್ಪಣೆ ಬೇಕು? ಒಳಗೆ ಹೋಗುವ ಪುಟ ತೆರೆದೆ. ಅದು ಹೆಸರು ಕೇಳಿತು. 'ಯಜಮಾನ' ಎಂದು ಹೊಡೆದೆ. ಪಾಸ್‌ವರ್ಡ್ ಕೇಳಿತು. ನಮ್ಮ ಮದುವೆಯ ತಾರೀಖು ಹಾಕಿದೆ. ತಪ್ಪು ಎಂದಿತು. ತಾರೀಖೇ ತಪ್ಪಿರಬಹುದೆಂದು ಅದರ ಹಿಂದಿನ ದಿನ, ಮುಂದಿನ ದಿನ ಎಲ್ಲ ಹಾಕಿ ನೋಡಿದೆ. ಹಟ ಬಿಡದೆ ಹೊಡೆಯುತ್ತಿದ್ದಂತೆ ಪರದೆ ಬೆಳ್ಳಗಾಗಿ, ಈ ತಾಣ ಸಿಗುತ್ತಿಲ್ಲ ಎಂಬ ಒಂದೇ ಸಾಲು ಉಳಿಯಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಜಯಂತಿ ಕೂಗಿದಳು. "ರೀ, ನಾಳೆ ಗೆಸ್ಟ್ ಎಷ್ಟು ಜನ ಬರ್ತಾರೆ ಅಂತ ನೋಡ್ಬೇಕಿತ್ತು. ನಮ್ದು ಓಪನ್ನೇ ಆಗ್ತಿಲ್ವಲ್ಲ?"

ಪರೀಕ್ಷಿಸಿದೆ. ಪೇಪರ್ ಬರುತ್ತಿತ್ತು, ರೈಲಿನ ಸಮಯ ಬರುತ್ತಿತ್ತು, ಯಾರೋ ಹಲಸಿನಕಾಯಿ ಸಿಪ್ಪೆ ತೆಗೆಯುವ ವಿಡಿಯೊ ಕೂಡ ಬರುತ್ತಿತ್ತು. ನಮ್ಮ ಮನೆಯಲ್ಲಿ ನಮ್ಮ ಮನೆಯೊಂದು ಬಿಟ್ಟು ಜಗತ್ತೆಲ್ಲ ಸಿಗುತ್ತಿತ್ತು!

"ನೆಟ್‌ವರ್ಕ್ ದೋಷ," ಎಂದು ತೀರ್ಪು ಕೊಟ್ಟೆ.

"ಸ್ಫೂರ್ತಿಗೊಂದು ಫೋನ್ ಮಾಡ್ಲಾ?"

"ಊರಿಗೆಲ್ಲ ಕರೆಂಟ್ ಕೊಟ್ಟೋನು ಕಣೇ ನಾನು! ಇಷ್ಟಕ್ಕೆಲ್ಲ ಮಡಿಕೇರಿಗೆ ಫೋನ್ ಮಾಡ್ತಾರಾ?"

ಮೊದಲು ರೂಟರ್ ಆರಿಸಿ ಹಾಕಿದೆ. ಆಮೇಲೆ ಅದನ್ನು ಟಿವಿ ಪಕ್ಕದಿಂದ ಕಿಟಕಿಗೆ, ಕಿಟಕಿಯಿಂದ ಅಟ್ಟಕ್ಕೆ ವರ್ಗಾವಣೆ ಮಾಡಿದೆ. ಸರಿಹೋಗಲಿಲ್ಲ. ದೋಷ ಹೊರಗಿನ ಕೇಬಲ್‌ನಲ್ಲಿದೆ ಎಂದು ನನ್ನ ಅನುಭವ ಹೇಳಿತು. ಕೇಬಲ್ ರಸ್ತೆಯಿಂದ ಸಿಲ್ವರ್ ಮರಗಳ ಮೇಲೆ ಹಾದು ಬರುತ್ತದೆ. ಒಂದು ಕಡೆ ಕೊಂಬೆ ಅದರ ಮೇಲೆ ಒರಗಿತ್ತು. ಸಿಕ್ಕಿಬಿದ್ದ ಅಪರಾಧಿ!

ಏಣಿ ಹಾಕಿದೆ. "ರೀ, ಕೇಬಲ್ ಜೋಪಾನ," ಎಂದಳು ಜಯಂತಿ. ನನಗೆ ಏನೂ ಆಗಬಾರದೆಂದು ಅವಳು ಹೇಳಲಿಲ್ಲ ಎಂಬುದನ್ನು ಗಮನಿಸಿಯೂ ಏರಿದೆ. ಕತ್ತಿಯಲ್ಲಿ ಕಡಿದೆ. ಕೊಂಬೆ ನಾನು ಅಂದುಕೊಂಡ ಕಡೆಗೇ ಬಿತ್ತು. ಹೋಗುವಾಗ ಕೇಬಲನ್ನೂ ಕರೆದುಕೊಂಡು ಹೋಯಿತು.

ಒಂದು ಸಮಾಧಾನವೆಂದರೆ ತಾರತಮ್ಯ ತಪ್ಪಿತು. ಈಗ ಯಾವ ವೆಬ್‌ಸೈಟೂ ಬರುತ್ತಿರಲಿಲ್ಲ!

ಜಯಂತಿ ಫೋನ್ ಹಿಡಿದು ನೀರಿನ ಟ್ಯಾಂಕಿನ ಕಡೆ ನಡೆದಳು. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಟ್ಯಾಂಕಿನ ಮೇಲೆ ಮಾತ್ರ. ನಾನು ಪಕ್ಕದ ತೋಟದ ಬೋಪಯ್ಯನವರ ಮನೆಗೆ ಹೋದೆ. ಅವರ ಕಂಪ್ಯೂಟರಿನಲ್ಲಿ ನಮ್ಮ ವೆಬ್‌ಸೈಟ್ ಸಲೀಸಾಗಿ ತೆರೆಯಿತು. ಫೋಟೊದಿಂದ ಟೈಗರ್ ನನ್ನನ್ನೇ ನೋಡುತ್ತಿತ್ತು. ಸುಮ್ಮನಿರಲಾಗಲಿಲ್ಲ. ಈ ಸಲ 'ಮನೆಯ ಯಜಮಾನ' ಎಂದು ಹೊಡೆದು, ನನಗೆ ತಿಳಿದ ದೇವರ ಹೆಸರುಗಳನ್ನೆಲ್ಲ ಪಾಸ್‌ವರ್ಡ್ ಮಾಡಿ ನೋಡಿದೆ. ಪರದೆ ಬೆಳ್ಳಗಾಯಿತು.

"ಎಂಥ ಮಾರಾಯ್ರೆ, ಈಗ ಇತ್ತಲ್ಲ?" ಎಂದರು ಬೋಪಯ್ಯ.

"ನಿಮಗೂ ಹರಡಿತು!" ಎಂದೆ ಗಂಭೀರವಾಗಿ.

ಬೋಪಯ್ಯನವರಿಗೆ ನಮ್ಮ ವೆಬ್‌ಸೈಟಿನಿಂದ ಆಗಬೇಕಾದ್ದೇನೂ ಇರಲಿಲ್ಲ. ಅದನ್ನು ಅವರು ನೋಡಿದ್ದೂ ಅದೇ ಮೊದಲು. ಆದರೂ ಅವರ ಮುಖ ಕೆಂಪಾಯಿತು. "ನಂಗೆ ಅದು ಬೇಡ. ಆದ್ರೆ ನಂಗೆ ಸಿಗಲ್ಲ ಅನ್ಲಿಕ್ಕೆ ಇವ್ರು ಯಾರು? ಜೀಪ್ ತೆಗೀತೇನೆ, ಹತ್ತಿ!"

ಹೀಗೆ ನಾವಿಬ್ಬರು ಹೋರಾಟಗಾರರು ಕುಶಾಲನಗರದ ಇಂಟರ್‌ನೆಟ್ ಆಫೀಸಿಗೆ ನುಗ್ಗಿದೆವು. ಗ್ರಾಹಕರನ್ನು ಕುರಿಗಳೆಂದು ತಿಳಿದಿದ್ದೀರಾ ಎಂದು ಆರಂಭಿಸಿ, ಸಂವಿಧಾನದವರೆಗೂ ಮಾತಾಡಿದೆ. ಬಿಲ್ ಕಟ್ಟಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಕೌಂಟರಿನ ಹೆಣ್ಣುಮಗಳು ಶಾಂತವಾಗಿ ಕೇಳಿದಳು, "ಯಾವ ವೆಬ್‌ಸೈಟ್ ಸಾರ್?" ಹೇಳಿದೆ. ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಬರ್ತಾ ಇದೆಯಲ್ಲ ಸಾರ್."

"ಬರೋದಲ್ಲಮ್ಮ, ನಿಲ್ಲುತ್ತಾ ನೋಡ್ಬೇಕು. ಕೊಡಿಲ್ಲಿ." ಕೀಬೋರ್ಡ್ ಎಳೆದುಕೊಂಡು, ಎಲ್ಲರಿಗೂ ಕೇಳುವಂತೆ ಓದಿಕೊಳ್ಳುತ್ತ 'ನಿಜವಾದ ಯಜಮಾನ' ಎಂದು ಹೊಡೆದೆ. ಪಾಸ್‌ವರ್ಡಿಗೆ ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದೆ. ಸ್ವಲ್ಪ ಹೊತ್ತಿಗೆ ಪರದೆ ಬೆಳ್ಳಗಾಯಿತು.

"ನೋಡಿದ್ರಾ! ನಿಮ್ಮ ಆಫೀಸೇ ಕೆಟ್ಟಿದೆ!" ಎಂದು ಮೇಜು ಗುದ್ದಿದೆ. ಆ ಹೆಣ್ಣುಮಗಳು ಮಾಟಗಾರನನ್ನು ನೋಡುವಂತೆ ನನ್ನ ಬೆರಳುಗಳನ್ನು ನೋಡಿದಳು.

ಆಗ ನನ್ನ ಫೋನ್ ಬಡಿದುಕೊಂಡಿತು. ಸ್ಫೂರ್ತಿ. ನಮ್ಮ ಪರ ಸಾಕ್ಷಿ ಸಿಕ್ಕಿತೆಂದು ಸ್ಪೀಕರ್ ಹಾಕಿದೆ.

"ಚಿಕ್ಕಪ್ಪ, ಬೆಳಿಗ್ಗೆಯಿಂದ ಯಾರೋ ಕಳ್ಳ ನಮ್ಮ ವೆಬ್‌ಸೈಟಿಗೆ ನುಗ್ಗೋಕೆ ನೋಡ್ತಿದಾನೆ. ತಪ್ಪು ಪಾಸ್‌ವರ್ಡ್ ಜಾಸ್ತಿ ಆಗಿ ಒಂದು ಕನೆಕ್ಷನ್ ತಾನಾಗೇ ಬ್ಲಾಕ್ ಆದ್ರೆ ಇನ್ನೊಂದರಿಂದ ಬರ್ತಾನೆ. ಈಗಷ್ಟೇ ಮೂರನೇದೂ ಬ್ಲಾಕ್ ಆಯ್ತು."

"ಬಿಡಬೇಡಮ್ಮ ಆ ಕಳ್ಳನ್ನ!" ನನ್ನ ರಕ್ತ ಕುದಿಯಿತು. "ಪೊಲೀಸ್ ಕಂಪ್ಲೇಂಟ್ ಕೊಡು. ನಾನೇ ಬಂದು ಸೈನ್ ಹಾಕ್ತೀನಿ!"

"ಏನೋ ತಿಕ್ಕಲು ಅನ್ಸುತ್ತೆ ಚಿಕ್ಕಪ್ಪ. ಮೊದ್ಲು 'ಯಜಮಾನ' ಅಂತ ಹೆಸರು ಹಾಕಿದಾನೆ. ಆಮೇಲೆ 'ಮನೆಯ ಯಜಮಾನ'. ಈಗ ನೋಡಿ, 'ನಿಜವಾದ ಯಜಮಾನ' ಅಂತೆ!"

ಬೋಪಯ್ಯ ನನ್ನಿಂದ ಒಂದು ಹೆಜ್ಜೆ ದೂರ ಸರಿದು, ನಮ್ಮಿಬ್ಬರಿಗೂ ಪರಿಚಯವೇ ಇಲ್ಲದಂತೆ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಕೌಂಟರಿನ ಹೆಣ್ಣುಮಗಳು ತನ್ನ ಕೀಬೋರ್ಡನ್ನು ಮೆಲ್ಲನೆ ತನ್ನ ಕಡೆಗೆ ಎಳೆದುಕೊಂಡಳು.

"ಚಿಕ್ಕಪ್ಪ? ಕೇಳಿಸ್ತಿದೆಯಾ?"

"ಭದ್ರತೆ ಹೇಗಿದೆ ಅಂತ ಪರೀಕ್ಷೆ ಮಾಡ್ತಿದ್ದೆ," ಎಂದೆ. "ಪರವಾಗಿಲ್ಲ. ಚೆನ್ನಾಗಿ ಮಾಡಿದೀಯ."

ಅವಳು ನಕ್ಕ ನಗು ಸ್ಪೀಕರಿನಲ್ಲಿ ರಸ್ತೆಯವರೆಗೂ ಕೇಳಿರಬೇಕು. ಆದರೂ ಮೂರೂ ಕಡೆಯ ಬ್ಲಾಕ್ ತೆಗೆದಳು. ಸಂಜೆ ಆಫೀಸಿನವರು ಬಂದು ಕೇಬಲ್ ಜೋಡಿಸಿ, ಏಣಿಯನ್ನು ತಾವೇ ಕೊಟ್ಟಿಗೆಯೊಳಗೆ ಇಟ್ಟು ಹೋದರು. ಜಯಂತಿ ಬೆಳಿಗ್ಗೆಯೇ ಟ್ಯಾಂಕಿನ ಮೇಲೆ ಕುಳಿತು ಬುಕಿಂಗ್ ಎಲ್ಲ ನೋಡಿ, ಅಕ್ಕಿ ನೆನೆ ಹಾಕಿಯೂ ಆಗಿತ್ತು. ಸ್ಫೂರ್ತಿಯಿಂದ ಸುದ್ದಿಯೂ ತಲುಪಿತ್ತು; ಕಾರಣ ಕೇಳಿದಳು, ಫೋಟೊದ ವಿಷಯ ಹೇಳಲೇಬೇಕಾಯಿತು.

"ಒಂದು ಫೋಟೊಗೋಸ್ಕರ ಇಷ್ಟೆಲ್ಲ ಮಾಡಿದ್ರಾ? ಕೇಳಿದ್ರೆ ಹಾಕ್ತಿರ್ಲಿಲ್ವಾ?"

"ಕೇಳಲ್ಲ!" ಎಂದೆ.

"ಹಾಗಾದ್ರೆ ಹಾಕಲ್ಲ," ಎಂದಳು.

ಸೋಲೊಪ್ಪುವ ಜಾಯಮಾನ ನನ್ನದಲ್ಲ. ವೆಬ್‌ಸೈಟನ್ನು ಇಂಚಿಂಚಾಗಿ ಓದಿದೆ. ತಂಗಿ ಹೋದವರು ತಮ್ಮ ಹೆಸರು, ಫೋಟೊ ಹಾಕಿ ಅಭಿಪ್ರಾಯ ಬರೆಯಬಹುದು ಎಂದಿತ್ತು. ಮಾರನೇ ವಾರವೇ ನಮ್ಮದೇ ಹೋಂಸ್ಟೇಯಲ್ಲಿ ಕೋಣೆ ಬುಕ್ ಮಾಡಿ, ಬ್ಯಾಗ್ ಹಿಡಿದು ಮುಂಬಾಗಿಲಿನಿಂದ ಬಂದು, ತಂಗಿದೆ. ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು ಫೋಟೊ ತೆಗೆಸಿಕೊಂಡೆ. ಅಭಿಪ್ರಾಯ ಬರೆದೆ: 'ಊಟ ಚೆನ್ನಾಗಿದೆ. ಜಾಗ ಪ್ರಶಾಂತವಾಗಿದೆ. ಮನೆಯೊಡತಿ ಸ್ವಲ್ಪ ಜೋರು.'

ಈಗ ಇಡೀ ಜಗತ್ತು ನನ್ನ ಫೋಟೊ ನೋಡಬಹುದು. ಗೆದ್ದವನು ನಾನೇ! ಅದರ ಕೆಳಗೆ ಜಯಂತಿ ಬರೆದ ಉತ್ತರವನ್ನೂ ಜಗತ್ತು ಓದಬಹುದು:

'ಧನ್ಯವಾದಗಳು ಸಾರ್. ಮುಂದಿನ ಸಲ ಕುಟುಂಬ ಸಮೇತ ಬನ್ನಿ.'