ಸವಣೂರಿನ ಮಾಮಾ ಮತ್ತು ವರ್ಜೀನಿಯಾದ ನೀರು

ಸವಣೂರಿನಲ್ಲಿ ವೀಳ್ಯದೆಲೆ ಅಂಗಡಿ ಇಟ್ಟುಕೊಂಡಿರುವ ನಮ್ಮ ಮಾಮಾನಿಗೆ ಸ್ವಂತ ಮನೆಯ ಚಿಂತೆಗಿಂತ ವರ್ಜೀನಿಯಾದ ಚಿಂತೆ ಹೆಚ್ಚು ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನಾವೂ ಬಹಳ ದಿನ ನಕ್ಕಿದ್ದೇವೆ. ಅಮೆರಿಕದ ಆ ದಂಡೆಗೆ ಇಂಗ್ಲಿಷರು ಹೋಗಿ ಗುಡಿಸಲು ಹಾಕಿ ನಾನೂರು ವರ್ಷ ದಾಟಿದವು. ಅವರು ಬದುಕಿದ್ದೂ ಆಯಿತು, ಸತ್ತದ್ದೂ ಆಯಿತು. ನಮ್ಮ ಮಾಮಾ ಮಾತ್ರ ಇವತ್ತಿಗೂ ಬೆಳಿಗ್ಗೆ ಚಹದ ಬಟ್ಟಲು ಹಿಡಿದು, "ಆ ಮಂದಿ ಆ ಜಾಗಾ ಯಾಕ ಆರಿಸಿದ್ರೋ ಏನೋ" ಎಂದು ನಿಟ್ಟುಸಿರು ಬಿಡುತ್ತಾನೆ. ಅವರೆಲ್ಲ ಹೋದ ವಾರ ಬಂಕಾಪುರದ ಬಸ್ಸು ಹತ್ತಿ ಹೋಗಿ, ಇನ್ನೂ ಫೋನು ಮಾಡಿಲ್ಲವೇನೋ ಎಂಬಂತೆ.

ಇದಕ್ಕೆಲ್ಲ ಕಾರಣ ರದ್ದಿ. ಎಲೆ ಕಟ್ಟಿಕೊಡಲು ಮಾಮಾ ರದ್ದಿ ಅಂಗಡಿಯಿಂದ ಹಳೆಯ ಕಾಗದ ತರುತ್ತಾನೆ. ಒಮ್ಮೆ ಅದರಲ್ಲಿ ರಟ್ಟು ಹರಿದ ಇತಿಹಾಸದ ಪುಸ್ತಕವೊಂದು ಬಂತು. ಯಾವನೋ ಡಿಗ್ರಿ ಹುಡುಗ ಪಾಸಾದ ಖುಷಿಗೋ ಫೇಲಾದ ಸಿಟ್ಟಿಗೋ ತೂಕಕ್ಕೆ ಹಾಕಿದ್ದು. ಗಿರಾಕಿ ಇಲ್ಲದ ಮಧ್ಯಾಹ್ನ ಮಾಮಾ ಅದನ್ನು ಓದತೊಡಗಿದ. ಅದರಲ್ಲಿ ಇಡಿಯಾಗಿ ಉಳಿದಿದ್ದದ್ದು ಒಂದೇ ಅಧ್ಯಾಯ. ನೆಲ, ನೀರು, ವ್ಯಾಪಾರ ಇವು ಇಂಗ್ಲಿಷರ ಮೊದಲ ವಸಾಹತುಗಳ ಬಾಳನ್ನು ಹೇಗೆ ತಿದ್ದಿದವು ಎಂಬುದು. ಅದರ ಮುಂದಿನ ಪುಟಗಳಲ್ಲಿ ಆಗಲೇ ಯಾರೋ ಎಲೆ ಕಟ್ಟಿಸಿಕೊಂಡು ಹೋಗಿದ್ದರು. ಹೀಗಾಗಿ ಆ ಜನ ಮುಂದೆ ಏನಾದರು ಎಂಬುದು ಮಾಮಾನಿಗೆ ಗೊತ್ತಾಗಲಿಲ್ಲ. ನಾನು ಹಾನಗಲ್ಲಿನಲ್ಲಿ ಶಾಲೆಯ ಟೀಚರು. ಅವನ ಸಂಕಟ ನೋಡಲಾರದೆ ಹೇಳಿದೆ.

"ಮಾಮಾ, ಅವರು ಉಳಿದು, ಬೆಳೆದು, ದೊಡ್ಡ ದೇಶಾನ ಕಟ್ಯಾರೋ."

"ಅದು ನನ್ನ ಪುಸ್ತಕದಾಗಿಲ್ಲ" ಎಂದ.

ಅವನ ಪುಸ್ತಕದಲ್ಲಿ ಇದ್ದದ್ದು ಇಷ್ಟು, ಅವನ ಬಾಯಲ್ಲೇ ಕೇಳಿ. "ಅವರನ್ನ ಹಡಗು ಹತ್ತಿಸಿದ ಯಾಪಾರದ ಕಂಪನಿಯವರು ಹೇಳಿ ಕಳಿಸಿದ್ರು, ಹಡಗು ನಿಲ್ಲುವಂಥ ಜಾಗಾ ನೋಡ್ರಿ ಅಂತ. ನೋಡಿದ್ರು. ದಂಡಿಗೇ ಆಳ ನೀರು, ಹಡಗನ್ನ ಗಿಡಕ್ಕ ಕಟ್ಟಬಹುದು. ಯಾಪಾರಕ್ಕ ಅದರಂಥ ಜಾಗಾ ಇಲ್ಲ. ಆದ್ರ ಸುತ್ತ ಎಲ್ಲಾ ಕೆಸರು. ಬ್ಯಾಸಗಿ ಬಂತಂದ್ರ ಸಮುದ್ರದ ಉಪ್ಪುನೀರು ಹೊಳ್ಯಾಗ ಮ್ಯಾಲೆ ಬರ್ತಿತ್ತು. ಅದನ್ನ ಕುಡದ್ರು, ಹೊಟ್ಟಿ ಹಿಡಕೊಂಡು ಸತ್ರು. ಯಾರಾದ್ರೂ ಒಬ್ರು ಮೊದಲ ನೀರು ಕುಡದು ನೋಡಬಾರದಾಗಿತ್ತೇನು?"

ಆ ಒಬ್ಬರು ತಾನೇ ಆಗಬೇಕೆಂದು ಮಾಮಾ ಅವತ್ತೇ ತೀರ್ಮಾನಿಸಿದನೆಂದು ಕಾಣುತ್ತದೆ. ನೆಂಟರು ಎಲ್ಲಿ ಹೊಸ ಮನೆ ಹೂಡಲಿ, ಯಾರು ಎಲ್ಲಿ ಅಂಗಡಿ ತೆಗೆಯಲಿ, ಮಾಮಾ ಹೋಗಿ ನೀರಿನ ರುಚಿ ನೋಡತೊಡಗಿದ. ಒಂದು ಗುಟುಕು ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ, ದವಡೆ ಆಡಿಸಿ ನುಂಗುತ್ತಾನೆ. ಅಲ್ಲಿಯವರೆಗೆ ಮನೆಯವರೆಲ್ಲ ಉಸಿರು ಹಿಡಿದು ನಿಲ್ಲಬೇಕು.

ನನ್ನ ತಮ್ಮನಿಗೆ ಹೆಣ್ಣು ನೋಡಲು ಹಿರೇಕೆರೂರು ತಾಲೂಕಿನ ಮಾಸೂರಿಗೆ ಹೋಗಿದ್ದೆವು. ಅವಲಕ್ಕಿ ಬಂತು, ಚಹ ಬಂತು, ಮಾಮಾ ಇಲ್ಲ. ನೋಡಿದರೆ ಹಿತ್ತಲಲ್ಲಿ ನಳದ ನೀರು ಕುಡಿದು, ಬಾವಿಯ ನೀರು ಸೇದಿಸಿ ಕುಡಿದು, ಮದಗದ ಕೆರೆಯ ಕಾಲುವೆ ಎಷ್ಟು ದೂರ ಎಂದು ವಿಚಾರಿಸುತ್ತಿದ್ದ. ಹುಡುಗಿಯ ತಂದೆ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, "ಇವರು ನೀರಾವರಿಯವರೇನ್ರಿ? ನಮ್ಮ ಪೈಪು ಕಾಯ್ದೆ ಪ್ರಕಾರನ ಐತ್ರಿ" ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಮಾಮಾ ಒಳಗೆ ಬಂದು ಕುಳಿತು, "ಸಿಹಿ ಅದಾವ. ಹುಡುಗಿ ನಮಗ ಒಪ್ಪಿಗಿ" ಎಂದುಬಿಟ್ಟ. ನನ್ನ ತಮ್ಮ ಹುಡುಗಿಯ ಮುಖವನ್ನು ಇನ್ನೂ ನೋಡಿರಲಿಲ್ಲ.

ಇನ್ನೊಬ್ಬ ನೆಂಟರದು ಶಿಗ್ಗಾಂವಿಯ ಕಡೆ ಕಲ್ಲು ಹೊಲ. ಏನೂ ಬೆಳೆಯದೆ ಬೇಸತ್ತು ಹೆದ್ದಾರಿಯ ಬದಿಗೆ ಖಾನಾವಳಿ ತೆಗೆದರು. ಮಾಮಾನಿಗೆ ಬಹಳ ಸಂತೋಷವಾಯಿತು. "ಚೊಲೊ ಮಾಡಿದ್ರಿ. ಅಮೆರಿಕಾದಾಗ ಉತ್ತರದ ಕಡೆ ಹೋದ ಇಂಗ್ಲಿಷರೂ ಹಿಂಗ ಮಾಡಿದ್ರು. ನೆಲ ಬರೀ ಕಲ್ಲು, ಏನೂ ಕೊಡಲಿಲ್ಲ. ಬಂದರ ಚೊಲೊ ಇತ್ತು, ಮೀನ ಹಿಡದು ಮಾರಿ ಬಾಳೇವು ಮಾಡಿದ್ರು" ಎಂದು ಊಟಕ್ಕೆ ಕುಳಿತವರೆದುರಿಗೇ ಹೊಗಳಿದ. ನೆಂಟರ ಮುಖ ಕೆಂಪಾಯಿತು. "ಸುಮ್ಮನಿರ್ರಿ, ಇದು ಲಿಂಗಾಯತ ಖಾನಾವಳಿ ಐತಿ" ಎಂದರು. ಇಬ್ಬರು ಗಿರಾಕಿಗಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಪಲ್ಯವನ್ನು ಕೆದಕಿ ನೋಡಿದರು.

ಸವಣೂರಿನ ಅವನ ಗೆಳೆಯರೊಬ್ಬರು ಜೋಳದ ಹೊಲವನ್ನೂ ತೆಗೆದು ಎಲೆಬಳ್ಳಿ ಹಚ್ಚಿದಾಗ ಮಾತ್ರ ಮಾಮಾ ನಗಿಸಲಿಲ್ಲ. ನಾನೂ ಅಲ್ಲಿದ್ದೆ. "ವರ್ಜೀನಿಯಾದವರೂ ಹಿಂಗ ಮಾಡಿದ್ರೋ. ತಂಬಾಕಿಗೆ ರೇಟು ಬಂತು ಅಂತ ಓಣ್ಯಾಗೂ ತಂಬಾಕ ಹಚ್ಚಿದ್ರು. ಕಾಳು ಕಡಿ ಬಿತ್ತಾಕ ಯಾರಿಗೂ ಮನಸ್ಸಿಲ್ಲ" ಎಂದ. "ಅಕ್ಕಿ ರೇಷನ್‌ನ್ಯಾಗ ಬರ್ತಾವಲ್ಲೋ ಮಾರಾಯಾ" ಎಂದರು ಗೆಳೆಯರು. "ಅವರಿಗೂ ಹಡಗಿನ್ಯಾಗ ಬರ್ತಿತ್ತು. ಹಡಗು ತಡಾ ಆತು ಅಂದ್ರ ಏನ ಮಾಡ್ತಿ?" ಹೀಗೆಂದು ಮಾಮಾ ನೆಲದ ಮೇಲೆ ಉದುರಿದ್ದ ನಾಲ್ಕು ಜೋಳದ ಕಾಳನ್ನು ಆರಿಸಿ ಕಿಸೆಗೆ ಹಾಕಿಕೊಂಡ. ನಾನು ನೋಡಿದೆ, ನೋಡಿ ಮರೆತೆ.

ಹೀಗೆ ಊರವರ ಪಾಲಿಗಿದ್ದ ಮಾಮಾ ಕೊನೆಗೆ ನಮ್ಮ ಪಾಲಿಗೂ ಬಂದ. ಹಾನಗಲ್ಲಿನ ಹೊರಗೆ, ದೊಡ್ಡ ರಸ್ತೆಗೆ ಹೊಂದಿ, ಭತ್ತದ ಗದ್ದೆಯ ತಗ್ಗಿಗೆ ಮಣ್ಣು ಹೇರಿ ಒಂದು ಹೊಸ ಬಡಾವಣೆ ಮಾಡಿದ್ದರು. ಅಲ್ಲೊಂದು ಪ್ಲಾಟು ನನ್ನ ಗಂಡನ ಮನಸ್ಸಿಗೆ ಬಂದಿತ್ತು. ಅವರು ಸಹಕಾರಿ ಸಂಘದಲ್ಲಿ ಕಾರಕೂನರು. ಹದಿನೆಂಟು ವರ್ಷ ಬಾಡಿಗೆ ಮನೆಯಲ್ಲಿ ಕಳೆದವರು. "ಮುಂದ ಎರಡು ಅಂಗಡಿ ತಗೀಬಹುದು, ಹಿಂದ ನಾವು ಇರಬಹುದು. ರಸ್ತಾದ ಮ್ಯಾಲೆ ಇಂಥಾ ಜಾಗಾ ಮತ್ತ ಸಿಗೂದಿಲ್ಲ" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಮಾಮಾನನ್ನು ಕರೆಯದಿದ್ದರೆ ಬೇಸರ ಮಾಡಿಕೊಳ್ಳುತ್ತಾನೆಂದು ನಾನೇ ಕರೆಸಿದೆ.

ಮಾಮಾ ಬಂದ. ಬೋರಿನ ನೀರು ಬಾಯಲ್ಲಿ ಹಿಡಿದ. ನುಂಗಲಿಲ್ಲ, ಉಗುಳಿದ. ಆಮೇಲೆ ಹಿಂದಿನ ತಗ್ಗಿನ ಕಡೆ ನಡೆದು ಹೋಗಿ ನಿಂತ. ಅಲ್ಲಿ ಕರಿ ನೀರು ನಿಂತಿತ್ತು.

"ಈ ಗಟಾರ ಎಲ್ಲಿಗೆ ಹೋಗತೈತಿ?" ಎಂದು ಪ್ಲಾಟು ತೋರಿಸಲು ಬಂದಿದ್ದ ಏಜೆಂಟನನ್ನು ಕೇಳಿದ.

"ಮುಂದ ಹೋಗತೈತ್ರಿ ಅಜ್ಜಾರ."

"ಮುಂದ ಅಂದ್ರ ಎಲ್ಲಿಗೆ?"

"ಮುಂದ ಮಾಡ್ತಾರ್ರಿ."

ಮಾಮಾ ನನ್ನ ಗಂಡನ ಕಡೆ ತಿರುಗಿದ. "ಹಡಗು ನಿಲ್ಲಾಕ ಜಾಗಾ ಭಾಳ ಚೊಲೊ ಐತ್ರಿ" ಎಂದ. ಏಜೆಂಟ ಪಾಪ, ರಸ್ತೆಯ ಕಡೆ ಒಮ್ಮೆ ನೋಡಿದ.

ಅವತ್ತಿನಿಂದ ಫೋನು ಶುರುವಾಯಿತು. ಬೆಳಿಗ್ಗೆ ಒಂದು, ಶಾಲೆಯ ಬಿಸಿಯೂಟದ ಹೊತ್ತಿಗೆ ಒಂದು, ದೀಪ ಹಚ್ಚುವಾಗ ಒಂದು. "ಅವ್ವಾ, ಪ್ಲಾಟಿಗೆ ರೊಕ್ಕಾ ಕೊಟ್ಟ್ರೇನು? ಕೊಡಬ್ಯಾಡ್ರಿ." ಇಷ್ಟೇ. ಅವನ ಅಂಜಿಕೆ ನನಗೂ ಅಂಟಿತು. ಪಾಠ ಮಾಡುತ್ತ ನಡುವೆ ನಿಂತುಬಿಡುತ್ತಿದ್ದೆ. ಮನೆಯಲ್ಲಿ ಕೊಡದಲ್ಲಿ ನೀರು ತುಂಬುವಾಗ ಮೂಸಿ ನೋಡುತ್ತಿದ್ದೆ. ನನ್ನ ಗಂಡ ಸಿಟ್ಟಿನವರಲ್ಲ, ಆದರೂ ಒಂದು ದಿನ ತಾಟು ಸರಿಸಿ ಎದ್ದರು. "ಯಾವಾಗೋ ಸತ್ತ ಇಂಗ್ಲಿಷರ ಸಲುವಾಗಿ ನಿಮ್ಮ ಮಾಮಾ ನಮ್ಮ ಮನಿ ಕಟ್ಟಗೊಡೂದಿಲ್ಲೇನು? ಸೋಮವಾರ ಮಾತು ಮುಗಸ್ತೇನಿ, ಸಾಕು."

ರವಿವಾರ ಮಧ್ಯಾಹ್ನ ಮಾಮಿಯ ಫೋನು ಬಂತು. "ನಿಮ್ಮ ಮಾಮಾ ಮುಂಜಾನೆ ಮೊದಲನೇ ಬಸ್ಸಿಗೆ ಹಾನಗಲ್ಲಿಗೆ ಹ್ವಾದ್ರು. ನಿಮ್ಮನ್ಯಾಗ ಅದಾರೇನು?"

ನಮ್ಮ ಮನೆಗೆ ಬಂದಿರಲಿಲ್ಲ. ಅವನ ಫೋನು ಸ್ವಿಚ್ ಆಫ್ ಆಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹುಡುಕಿದೆವು, ಎಲೆ ಸಂತೆ ನಡೆಯುವ ಕಡೆ ಹುಡುಕಿದೆವು. ಅರವತ್ತೆಂಟು ವರ್ಷದ ಮನುಷ್ಯ, ಸಕ್ಕರೆ ಕಾಯಿಲೆ ಬೇರೆ. ನನ್ನ ಗಂಡ ಗಾಡಿಯನ್ನು ಆ ಪ್ಲಾಟಿನ ಕಡೆ ತಿರುಗಿಸಿದರು. ಅಲ್ಲೂ ಯಾರೂ ಇಲ್ಲ. ಮೂಲೆಯಲ್ಲಿ ಗೌಂಡಿ ಕೆಲಸದವರ ಒಂದು ತಗಡಿನ ಶೆಡ್ಡು. ಬಾಗಿಲು ಹಾರು ಹೊಡೆದು ತೆರೆದಿತ್ತು. ಒಲೆಯ ಮೇಲೆ ಹಂಚು, ಹಂಚಿನ ಮೇಲೆ ಕರಕಾದ ರೊಟ್ಟಿ, ನೆಲದ ಮೇಲೆ ಮಾಮಾನ ಟೊಪ್ಪಿಗೆ. ನಾನು ಟೊಪ್ಪಿಗೆ ಎತ್ತಿಕೊಂಡೆ. ಎದುರಿನ ಪಂಕ್ಚರ್ ಅಂಗಡಿಯವನನ್ನು ಕೇಳಿದೆವು.

"ಒಬ್ಬ ಅಜ್ಜಾರು ಕೂಸಿನ್ನ ಹೆಗಲ ಮ್ಯಾಲೆ ಹಾಕ್ಕೊಂಡು ರಿಕ್ಷಾ ಹತ್ತಿದ್ರಿ. ಹಿಂದ ಒಬ್ಬಾಕಿ ಅಳಕೋತ ಓಡಿ ಹತ್ತಿದ್ಳು."

ತಾಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮಾಮಾ ಸಿಕ್ಕ. ಧೋತರ ಹೊಲಸಾಗಿತ್ತು. ಪಕ್ಕದಲ್ಲಿ ಮೂರು ವರ್ಷದ ಒಂದು ಹುಡುಗಿ, ಕೈಗೆ ಸಲೈನು. ಅದರ ತಾಯಿ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಅವಳ ಗಂಡ ಬೇರೆ ಊರಿನ ಕೆಲಸಕ್ಕೆ ಹೋದವನು ಬಂದಿರಲಿಲ್ಲ. ಮಾಮಾ ಪ್ಲಾಟಿಗೆ ಹೋದದ್ದು ಅಲ್ಲಿ ವಾಸವಿರುವವರನ್ನು ನೀರಿನ ಬಗ್ಗೆ ಕೇಳಲಿಕ್ಕೆ. ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದರೆ ಒಳಗೆ ಕೂಸು ವಾಂತಿ ಭೇದಿಯಿಂದ ಕಣ್ಣು ಮೇಲೆ ಮಾಡಿತ್ತು. ಎರಡು ದಿನದಿಂದ ಹಾಗೇ ಇತ್ತಂತೆ. ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ನಮಗೆ ಹೇಳಿದರು. ಇನ್ನು ಭಯವಿಲ್ಲ, ಚಮಚದಿಂದ ಓಆರ್‌ಎಸ್ ಕುಡಿಸುತ್ತಿರಿ ಎಂದರು.

"ಒಂದ ಫೋನರೆ ಮಾಡಬಾರದೇನು ಮಾಮಾ?" ಎಂದು ನಾನು ಸಿಟ್ಟಿಗೇಳಲು ಹೋದೆ. ಮಾಮಾ ಚಮಚ ತುಂಬಿಸುತ್ತಿದ್ದ.

"ನಾನೂ ಒಮ್ಮೆ ಜಾಗಾ ಆರಿಸಿದ್ದೆ, ಅವ್ವಾ" ಎಂದ.

ಅವನು ಮುಖ ಎತ್ತಲಿಲ್ಲ. "ಲಗ್ನ ಆದ ಹೊಸದಾಗಿ. ಹಿರೇಕೆರೂರು ದಾರ್ಯಾಗ ಒಂದು ಕ್ರಾಸು. ನಾಕೂ ದಿಕ್ಕಿನ ಬಸ್ಸು ನಿಲ್ತಿದ್ವು. ಎಲಿ ಅಂಗಡಿಗೆ ಅದರಂಥ ಜಾಗಾ ಇರಲಿಲ್ಲ. ಹಿಂದ ತಗ್ಗಿನ್ಯಾಗ ಒಂದು ಹೊಂಡ, ಅದರ ನೀರ ಕುಡೀತಿದ್ವಿ. ವಾಸನಿ ಬರ್ತಾವು, ಇಲ್ಲಿ ಬ್ಯಾಡ ಅಂದ್ಳು ನಿಮ್ಮ ಮಾಮಿ. ನಾ ಯಾಪಾರ ನೋಡಿದೆ. ಹನ್ನೊಂದು ತಿಂಗಳ ಹುಡುಗಿ ಇತ್ತು ನಮಗ. ಎರಡ ದಿನದಾಗ ಹೋತು."

ಮಾಮಾನಿಗೆ ಮಗಳಿದ್ದಳೆಂಬುದು ನನಗೆ ಗೊತ್ತಿರಲಿಲ್ಲ. ನಾನು ಹುಟ್ಟುವ ಮೊದಲಿನ ಮಾತು. ನನ್ನ ಅವ್ವ ಕೂಡ ಹೇಳಿರಲಿಲ್ಲ.

"ಆಮ್ಯಾಲೆ ನಿಮ್ಮ ಮಾಮಿ ಒಂದ ದಿನಾನೂ ಅದನ್ನ ಎತ್ತಿ ಆಡಲಿಲ್ಲ" ಎಂದ ಮಾಮಾ. "ಆಡಿದ್ರ ಚೊಲೊ ಇತ್ತು."

ಇಷ್ಟು ವರ್ಷ ಯಾರ ಮುಂದೆಯೂ ಆಡಲಾರದೆ ಇದ್ದವನಿಗೆ ಆ ಹರಿದ ಪುಸ್ತಕದಲ್ಲಿ ತನ್ನ ಹಾಗೇ ವ್ಯಾಪಾರ ನೋಡಿ ಜಾಗ ಆರಿಸಿದ ಮಂದಿ ಸಿಕ್ಕಿದ್ದರು. ಅವರ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ನಾವು ನಗುತ್ತಿದ್ದೆವು, ಅವನು ಮಾತಾಡುತ್ತಿದ್ದ.

ನನ್ನ ಗಂಡ ಎದ್ದು ಹೊರಗೆ ಹೋದರು. ಕಿಟಕಿಯಿಂದ ಅವರ ದನಿ ಕೇಳಿಸಿತು. "ಇಲ್ರಿ, ಆ ಪ್ಲಾಟು ಬ್ಯಾಡ ನಮಗ. ಬ್ಯಾರೆ ಪಾರ್ಟಿಗೆ ಕೊಡೂದಾದ್ರೂ ಮೊದಲ ಆ ನೀರು ತಪಾಸ ಮಾಡಸ್ರಿ." ನಾವು ಮುಂದೆ ಆಡೂರಿನ ದಾರಿಗೆ, ದಿಬ್ಬದ ಮೇಲೆ, ಸಣ್ಣದೊಂದು ಪ್ಲಾಟು ತೆಗೆದುಕೊಂಡೆವು. ಅಂಗಡಿ ತೆಗೆಯಲು ಅಲ್ಲಿ ದೊಡ್ಡ ರಸ್ತೆಯಿಲ್ಲ.

ಅವತ್ತು, ನನ್ನ ಫೋನು ಹೋದ ಮೇಲೆ, ಹೊತ್ತು ಮುಳುಗುವ ಮೊದಲು ಮಾಮಿ ಸವಣೂರಿನಿಂದ ಬಂದರು. ಬುತ್ತಿಯ ಗಂಟು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತರು. ಮಂಚದ ಮೇಲೆ ಕೂಸು, ಪಕ್ಕದಲ್ಲಿ ಚಮಚ ಹಿಡಿದ ಗಂಡ. ಮಾಮಾ ಅವರನ್ನು ಕಂಡು ಗಡಬಡಿಸಿ ಎದ್ದ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗಿತ್ತು ಅವನ ಮುಖ.

"ಇದು ಉಳೀತು" ಎಂದ.

ಮಾಮಿ ಬುತ್ತಿಯನ್ನು ನನ್ನ ಕೈಗೆ ಕೊಟ್ಟು ಮಂಚದ ಮೇಲೆ ಕುಳಿತರು. ಕೂಸಿನ ಎರಡೂ ಪಾದಗಳನ್ನು ತೊಡೆಯ ಮೇಲೆ ಎಳೆದುಕೊಂಡು ಸೆರಗಿನಿಂದ ಮುಚ್ಚಿದರು.

"ನಮ್ಮದು ಹುಟ್ಟಿದಾಗ ಆರು ಪೌಂಡ ಇತ್ತು ನೋಡ್ರಿ" ಎಂದರು. "ನಿಮಗ ನೆನಪೈತೇನು, ಅದರ ಕೂದಲಾ?"

ಮಾಮಾ ಅವರ ಪಕ್ಕದಲ್ಲಿ ಕುಳಿತ. "ಐತಿ, ಹೇಳು" ಎಂದ. ಮಾಮಿ ಹೇಳತೊಡಗಿದರು.